ಅಟ್ಟ ಇಲ್ಲದ ಹಳೇ ಹೆಂಚಿನ ಮನೆ: ಇಳಿಜಾರು ಮುಚ್ಚಿಗೆಗೆ ಇನ್ಸುಲೇಷನ್ ಹೇಗೆ?

ಗಾಳಿಬೀಡು_ಬಂಗಲೆ:
ಮಡಿಕೇರಿ ಹತ್ತಿರದ ಗಾಳಿಬೀಡು ಕಡೆಯ ಹಳೇ ತೋಟದ ಬಂಗಲೆ. ಹಾಲ್ 20 ಅಡಿ ಉದ್ದ, 16 ಅಡಿ ಅಗಲ. ಅಟ್ಟ ಇಲ್ಲ, ಮುಚ್ಚಿಗೆ ಹಲಗೆಯನ್ನು ಪಕ್ಕಾಸಿನ (ಸೂರಿನಿಂದ ನೆತ್ತಿಗೆ ಹೋಗುವ ಇಳಿಜಾರು ಮರ) ಅಡಿಗೇ ಹೊಡೆದಿದ್ದಾರೆ, ನೆತ್ತಿಯವರೆಗೂ ಇಳಿಜಾರಾಗಿಯೇ ಹೋಗುತ್ತದೆ. ಪಕ್ಕಾಸು 4 × 2 ಇಂಚು, 24 ಇಂಚಿಗೊಂದು. ಮಾಡಿನ ಇಳಿಜಾರು 30 ಡಿಗ್ರಿ. ಮೇಲೆ ಮಂಗಳೂರು ಹೆಂಚು, ಅದರ ಕೆಳಗೆ ಬೇರೇನೂ ಇಲ್ಲ. ಮಾರ್ಚ್ ಮಧ್ಯಾಹ್ನ ಕಾವು, ಜನವರಿ ರಾತ್ರಿ ಚಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಲಗೆ ಮೇಲೆ ಬೂಷ್ಟು. ಮೂವರು ಕಂಟ್ರಾಕ್ಟರ್‌ಗಳು ಮೂರು ದಾರಿ ಹೇಳಿದ್ದಾರೆ: ಹೆಂಚಿನ ಅಡಿಗೆ ಸ್ಪ್ರೇ ಫೋಮ್, ಪಕ್ಕಾಸಿನ ಸಂದಿಗೆ ಥರ್ಮೊಕೋಲ್ ತುಂಬಿ ಕೆಳಗೆ ಜಿಪ್ಸಂ ಬೋರ್ಡ್, ಹೆಂಚಿನ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ಬಿಟ್ಟುಬಿಡೋದು. ಯಾವುದು ಸರಿ?

ಪಕ್ಕಾಸು_ರೀಪು:
ಮೂರೂ ಬೇಡ ಸರ್.

ಸ್ಪ್ರೇ ಫೋಮ್ ಹೆಂಚಿಗೂ ರೀಪಿಗೂ (ಹೆಂಚು ಕೂರೋ ಅಡ್ಡ ಪಟ್ಟಿ) ಅಂಟಿಕೊಂಡು ಒಂದೇ ಗಟ್ಟಿ ಆಗುತ್ತೆ. ಒಂದು ಹೆಂಚು ಒಡೆದರೆ ಬದಲಿಸೋಕೆ ಆಗಲ್ಲ, ಕಿತ್ತರೆ ಪಕ್ಕದ ನಾಲ್ಕು ಬರುತ್ತವೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು, ಫೋಮ್ ಹೊಡೆದ ಮಾಡಿನಲ್ಲಿ ಆ ಕೆಲಸ ಅಲ್ಲಿಗೆ ಮುಗೀತು. ಮಂಗಳೂರು ಹೆಂಚು ಸುಟ್ಟ ಮಣ್ಣು, ಮಳೆಗಾಲವಿಡೀ ನೀರು ಕುಡಿದುಕೊಂಡೇ ಇರುತ್ತೆ. ಆ ತೇವ ಕೆಳಗಿನ ಗಾಳಿಗೆ ಆರಬೇಕು. ಮೂರು ಬದಿ ಫೋಮ್, ಮೇಲೆ ಒದ್ದೆ ಹೆಂಚು ಅಂದರೆ ರೀಪು ಒಳಗೊಳಗೇ ಲಡ್ಡು ಹಿಡಿಯುತ್ತೆ. ಹೊರಗೆ ಗೊತ್ತಾಗೋದು ಸಾಲಿಗೆ ಸಾಲು ಕೂತಾಗಲೇ.

ಥರ್ಮೊಕೋಲ್ ಇಲಿಗೂ ಇರುವೆಗೂ ರೆಡಿಮೇಡ್ ಗೂಡು. ಹಳೇ ಪಕ್ಕಾಸು ಯಾವುದೂ ನೆಟ್ಟಗಿರಲ್ಲ, ಗಡುಸು ಹಾಳೆ ಕೂರಿಸಿದರೆ ಬದಿಯಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತೆ, ಆ ಸಂದಿನಲ್ಲೇ ಗಾಳಿ ಓಡಾಡುತ್ತೆ. ಇನ್ನೊಂದು, ವೈರಿನ ಪಿವಿಸಿ ಹೊದಿಕೆ ಥರ್ಮೊಕೋಲಿಗೆ ತಾಗಿಕೊಂಡಿದ್ದರೆ ಅದರೊಳಗಿನ ಎಣ್ಣೆಯಂಶ ಥರ್ಮೊಕೋಲಿಗೆ ಹೋಗಿ ಹೊದಿಕೆ ಪೆಡಸಾಗಿ ಬಿರಿಯುತ್ತೆ. ಜಿಪ್ಸಂ ಬೋರ್ಡ್ ಗಾಳಿಬೀಡಿನ ತೇವಕ್ಕೆ ಹೇಳಿದ್ದಲ್ಲ, ಜೋಲುತ್ತೆ, ಸ್ಕ್ರೂ ತಲೆ ಸುತ್ತ ಪುಡಿಯಾಗುತ್ತೆ.

ಪ್ಲಾಸ್ಟಿಕ್ ಹಾಳೆ ಹಾಸಿದರೆ ಸೋರಿದ ನೀರು ಪ್ರತಿ ರೀಪಿನ ಹಿಂದೆ ಕಟ್ಟಿ ನಿಲ್ಲುತ್ತೆ. ಒಳಗಿಂದ ಬಂದ ಹಬೆ ಅದರ ಅಡಿಗೆ ಹನಿಯಾಗಿ ಮುಚ್ಚಿಗೆ ಮೇಲೆ ಬೀಳುತ್ತೆ. ಆಮೇಲೆ 'ಸೋರುತ್ತಿದೆ' ಅಂತ ಹೆಂಚು ಬದಲಿಸ್ತಾರೆ, ಹನಿ ನಿಲ್ಲಲ್ಲ.

ತೇವಮಾಪಕ:
ಮೇಲಿನದ್ದಕ್ಕೆ ಲೆಕ್ಕ ಸೇರಿಸುತ್ತೇನೆ.

ಬರೀ ಹೆಂಚಿನ ಮಾಡಿನ ಯು-ಮೌಲ್ಯ (ಶಾಖ ಎಷ್ಟು ಸುಲಭವಾಗಿ ದಾಟುತ್ತೆ ಅನ್ನೋ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೇದು) ಸುಮಾರು 6. ಶಾಖ ತಡೆಯೋ ವಿಷಯದಲ್ಲಿ ಹೆಂಚು ಇದ್ದೂ ಇಲ್ಲದ ಹಾಗೆ. ಪಕ್ಕಾಸಿನ ನಡುವೆ 50 ಮಿ.ಮೀ. ರಾಕ್‌ವೂಲ್ (ಕಲ್ಲು ಕರಗಿಸಿ ಎಳೆ ಮಾಡಿದ ಉಣ್ಣೆಯಂಥ ಇನ್ಸುಲೇಷನ್), ಕೆಳಗೆ 12 ಮಿ.ಮೀ. ಹಲಗೆ ಇದ್ದರೆ, ಪಕ್ಕಾಸಿನ ಮೂಲಕ ಹೋಗೋ ಶಾಖವನ್ನೂ ಸೇರಿಸಿ, 0.7ರ ಹತ್ತಿರ ಬರುತ್ತೆ. 75 ಮಿ.ಮೀ. ಆದರೆ 0.5. ಹೊಸ ವಸತಿ ಕಟ್ಟಡಗಳಿಗೆ ಇರುವ ಇಕೋ ನಿವಾಸ್ ಸಂಹಿತೆ 2018ರಲ್ಲಿ ಮಾಡಿಗೆ ಹೇಳಿರೋ ಮಿತಿ 1.2. ಅಂದರೆ ನಮ್ಮ ಹವೆಗೆ 50 ಸಾಕು, 75 ಚೆನ್ನ. 100 ತುರುಕಿ ಗಾಳಿ ಸಂದು ಕಳಕೊಳ್ಳೋದು ನಷ್ಟದ ವ್ಯಾಪಾರ.

ಇನ್ನು ತೇವ. ಜುಲೈನಲ್ಲಿ ಒಳಗೆ 20 ಡಿಗ್ರಿ, ಆರ್ದ್ರತೆ ಶೇ. 90 ಅಂತಿಟ್ಟುಕೊಳ್ಳಿ. ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಯಾಗೋ ಉಷ್ಣತೆ, 18.3. ಯಾವುದೇ ಮೇಲ್ಮೈ ಗಾಳಿಗಿಂತ ಎರಡು ಡಿಗ್ರಿ ತಣ್ಣಗಿದ್ದರೂ ಬೆವರುತ್ತೆ. ಒದ್ದೆ ಹೆಂಚು ಆರುವಾಗಲೂ ತಣ್ಣಗಾಗುತ್ತೆ. ನಿಮ್ಮ ಹಲಗೆಯ ಬೂಷ್ಟಿಗೆ ಇದೇ ಕಾರಣ ಇರಬಹುದು, ಸೋರಿಕೆಯೂ ಇರಬಹುದು. ಗುರುತು ಹೀಗೆ: ಚಹಾ ಚೆಲ್ಲಿದ ಹಾಗೆ ಕಂದು ಅಂಚಿನ ಉಂಗುರ, ಅದೂ ಒಂದೇ ಜಾಗದಲ್ಲಿ ಇದ್ದರೆ, ಮೇಲೊಂದು ಹೆಂಚು ಬಿರಿದಿದೆ ಅಂತ. ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಕಪ್ಪು ಚುಕ್ಕೆ, ಹೊರಗೋಡೆ ಮೂಲೆ ಮತ್ತು ನೆತ್ತಿ ಹತ್ತಿರ ಜಾಸ್ತಿ, ಮೊಳೆ ತಲೆಗಳ ಸುತ್ತ ತುಕ್ಕಿನ ಬಳೆ ಇದ್ದರೆ ಅದು ಬೆವರು.

ಯೂಟ್ಯೂಬಿನ ಅಮೆರಿಕದ ವಿಡಿಯೊ ನೋಡಿ ಒಳಗಡೆ ಪಾಲಿಥೀನ್ ಹೊಡೆಯಬೇಡಿ. ಅಲ್ಲಿ ಚಳಿಗಾಲದಲ್ಲಿ ತಿಂಗಳುಗಟ್ಟಲೆ ಒಳಗಿನ ಹಬೆ ಹೊರಗೆ ತಳ್ಳುತ್ತಿರುತ್ತೆ, ಅದಕ್ಕೆ ಒಳಮಗ್ಗುಲಲ್ಲಿ ತಡೆ. ಇಲ್ಲಿ ಜನವರಿ ರಾತ್ರಿ ಒಳಗೆ 18 ಡಿಗ್ರಿ, ಶೇ. 65 ಇದ್ದರೆ ಇಬ್ಬನಿ ಬಿಂದು 11.3. ಬೆಳಗಿನ ಜಾವ ಕೆಲವು ತಾಸು ಹೆಂಚಿನಡಿ ಅಷ್ಟು ತಣ್ಣಗಾಗಬಹುದು, ಬಿಸಿಲೇರಿದರೆ ಆರಿಹೋಗುತ್ತೆ. ನಮ್ಮ ತೊಂದರೆ ತಿರುಗುಮುರುಗು: ಮಳೆ ನಿಂತು ಬಿಸಿಲು ಬಿದ್ದರೆ ಒದ್ದೆ ಹೆಂಚಿನ ಆವಿ ಒಳಮುಖವಾಗಿ ಬರುತ್ತೆ. ಒಳಗಡೆ ಪ್ಲಾಸ್ಟಿಕ್ ಇದ್ದರೆ ಅದರ ಬೆನ್ನಿಗೇ ಹನಿ. ಎರಡೂ ಕಡೆ ಆರೋಕೆ ಬಿಡಬೇಕು.

ಗಾಳಿಬೀಡು_ಬಂಗಲೆ:
ಚುಕ್ಕೆಗಳೇ ಹೆಚ್ಚು, ಉಂಗುರ ಎರಡು ಕಡೆ ಇದೆ. ಹೆಂಚು ಇಳಿಸದೆ ಕೆಳಗಿಂದಲೇ ಮಾಡೋಕಾಗುತ್ತಾ?

ಪಕ್ಕಾಸು_ರೀಪು:
ಆಗುತ್ತೆ. ಆದರೆ ಇಳಿಸಿ ಮಾಡಿದರೆ ಚೆನ್ನ, ಅದನ್ನೇ ಮೊದಲು ಹೇಳ್ತೀನಿ.

ಒಂದು ಮಗ್ಗುಲ ಹೆಂಚು ಪೂರ್ತಿ ಇಳಿಸಿ, ಸಾಲಾಗಿ ನಿಲ್ಲಿಸಿಡಿ, ಮಲಗಿಸಿ ಅಟ್ಟಿ ಕಟ್ಟಬೇಡಿ. ಹಳೇ ರೀಪು ಕೀಳಿ. ಪಕ್ಕಾಸಿನ ಮೇಲ್ಮುಖ ಚಾಣದಲ್ಲಿ ಚುಚ್ಚಿ ನೋಡಿ, ಸೂರಿನ ಕೊನೆ ಎರಡು ಅಡಿ ಮತ್ತು ಗೋಡೆ ಮೇಲಿನ ತೊಲೆಗೆ ಕೂರುವ ಜಾಗ ಮುಖ್ಯ. ಮೆತ್ತಗಿದ್ದರೆ ಕೊಯ್ದು, ಅದೇ ಅಳತೆಯ ಗಟ್ಟಿ ಮರ ಬದಿಗೆ ಕೊಟ್ಟು 10 ಮಿ.ಮೀ. ಬೋಲ್ಟ್ ಹಾಕಿ. ಸಿಲ್ವರ್ ಓಕ್ ಅಗ್ಗ ಅಂತ ತರಬೇಡಿ, ಕುಟ್ಟೆಹುಳಕ್ಕೆ ಅದು ಹಬ್ಬ. ಮನೆ ಒಳಗಿನ ಮರಕ್ಕೆ ಬೋರಿಕ್ ಆಸಿಡ್ 20 ಗ್ರಾಂ, ಬೋರಾಕ್ಸ್ 30 ಗ್ರಾಂ, ಒಂದು ಲೀಟರ್ ಬಿಸಿ ನೀರಿನಲ್ಲಿ ಕರಗಿಸಿ ಎರಡು ಕೋಟ್. ಮಳೆ ತಾಗುವ ರೀಪಿಗೆ ಇದು ಪ್ರಯೋಜನ ಇಲ್ಲ, ತೊಳೆದುಹೋಗುತ್ತೆ.

ಪಕ್ಕಾಸಿನ ಮೇಲೆ ಉಸಿರಾಡುವ ಮೆಂಬ್ರೇನ್ (ನೀರು ತಡೆದು ಆವಿ ಬಿಡೋ ಹಾಳೆ), ಮೂರು ಪದರದ್ದು, ಚದರ ಮೀಟರಿಗೆ 120ರಿಂದ 150 ಗ್ರಾಂ ತೂಕದ್ದು. ಸೂರಿನಿಂದ ಶುರುಮಾಡಿ ಅಡ್ಡಡ್ಡ ಹಾಸಿ, ಮೇಲಿನದು ಕೆಳಗಿನದರ ಮೇಲೆ 150 ಮಿ.ಮೀ. ಬರಲಿ. ಕೆಳತುದಿ ಸೂರಿನ ಹಲಗೆ ದಾಟಿ ನೀರಿನ ದೋಣಿಯೊಳಗೆ ಇಳಿಯಬೇಕು. ಅಲ್ಲಿ ಬರೀ ಮೆಂಬ್ರೇನ್ ನೇತುಹಾಕಬೇಡಿ, ಬಿಸಿಲಿಗೆ ಸುಟ್ಟು ಹರಿಯುತ್ತೆ. ಆರು ಇಂಚಿನ ತಗಡು ಬಗ್ಗಿಸಿ ಅದರ ಮೇಲೆ ಮುಗಿಸಿ.

ಆಮೇಲೆ ಪ್ರತಿ ಪಕ್ಕಾಸಿನ ಮೇಲೆ, ಅದರ ಉದ್ದಕ್ಕೇ, 2 × 1½ ಇಂಚಿನ ಪಟ್ಟಿ, ಒಂದೂವರೆ ಇಂಚು ಎತ್ತರಕ್ಕೆ. ಅದರ ಮೇಲೆ ಅಡ್ಡ ರೀಪು 2 × 1. ಉದ್ದ ಪಟ್ಟಿ ಬಿಟ್ಟರೆ ಇಡೀ ಕೆಲಸ ದಂಡ. ಸೋರಿದ ನೀರು ಮೆಂಬ್ರೇನ್ ಮೇಲೆ ಅಡ್ಡ ರೀಪಿನಡಿ ನುಸುಳಿ ಸೂರಿಗೆ ಓಡಬೇಕಾದ ದಾರಿ ಅದೇ, ಗಾಳಿ ಸೂರಿನಿಂದ ನೆತ್ತಿಗೆ ಏರೋ ದಾರಿಯೂ ಅದೇ. ರೀಪಿನ ಅಂತರ ಪುಸ್ತಕ ನೋಡಿ ಹಾಕಬೇಡಿ. ಸಾಮಾನ್ಯವಾಗಿ ಹನ್ನೆರಡೂವರೆ ಇಂಚು, ಆದರೆ ಹಳೇ ಕಾರ್ಖಾನೆಗಳ ಅಚ್ಚು ಒಂದೊಂದೂ ಬೇರೆ. ನಿಮ್ಮದೇ ಹತ್ತು ಹೆಂಚು ನೆಲದ ಮೇಲೆ ಕೊಂಡಿ ಸೇರಿಸಿಟ್ಟು, ಮೂಗಿನಿಂದ ಮೂಗಿಗೆ ಅಳೆದು ಒಂಬತ್ತರಿಂದ ಭಾಗಿಸಿ.

ಕಕ್ಕಡ_ಮಳೆ:
ಪಕ್ಕಾಸು ಅಣ್ಣ, ಮೆಂಬ್ರೇನ್ ಕೆಳಗೂ ಒಂದು ಇಂಚು ಗಾಳಿ ಸಂದು ಬೇಡವಾ? ಎಲ್ಲ ಕಡೆ ಹಾಗೇ ಬರೆದಿರ್ತಾರೆ.

ತೇವಮಾಪಕ:
ಎಲ್ಲರೂ ಗೊಂದಲ ಮಾಡಿಕೊಳ್ಳೋದು ಇಲ್ಲೇ. ಅಮೆರಿಕದ ವಸತಿ ಕಟ್ಟಡ ನಿಯಮದಲ್ಲಿ ಇನ್ಸುಲೇಷನ್ನಿಗೂ ಮೇಲಿನ ಹಲಗೆಗೂ ನಡುವೆ ಕನಿಷ್ಠ 1 ಇಂಚು ಬಿಡಬೇಕು ಅಂತಿದೆ. ಅಲ್ಲಿ ಮೇಲಿರೋದು ಪ್ಲೈವುಡ್, ಅದರ ಮೇಲೆ ಡಾಂಬರಿನ ಶಿಂಗಲ್, ಗಾಳಿಯೂ ಹೋಗಲ್ಲ ಆವಿಯೂ ಹೋಗಲ್ಲ. ನಿಮ್ಮ ಮೇಲ್ಪದರ ಆವಿ ಬಿಡುತ್ತಾ ಅನ್ನೋದೊಂದೇ ಪ್ರಶ್ನೆ. ಉಸಿರಾಡುವ ಮೆಂಬ್ರೇನ್ ಆದರೆ ರಾಕ್‌ವೂಲ್ ಅದಕ್ಕೆ ತಾಗಿದರೂ ಪರವಾಗಿಲ್ಲ, ಗಾಳಿ ಸಂದು ಅದರ ಮೇಲೆ ಇದ್ದರೆ ಸಾಕು. ತಗಡು, ಪ್ಲಾಸ್ಟಿಕ್, ಫಾಯಿಲ್, ಹಳೇ ಫ್ಲೆಕ್ಸ್ ಬ್ಯಾನರ್, ಇವುಗಳಲ್ಲಿ ಯಾವುದಿದ್ದರೂ ಅದರ ಕೆಳಗೆ ಕನಿಷ್ಠ ಒಂದು ಇಂಚು, ಸಾಧ್ಯವಾದರೆ ಎರಡಿಂಚು, ಸೂರಿನಿಂದ ನೆತ್ತಿವರೆಗೆ ಎಲ್ಲೂ ಕಟ್ಟದ ಹಾಗೆ ಬಿಡಲೇಬೇಕು. ಅಂಗಡಿಯಲ್ಲಿ 'ವಾಟರ್‌ಪ್ರೂಫ್ ಶೀಟ್' ಅಂತ ಎರಡನ್ನೂ ಒಂದೇ ಹೆಸರಲ್ಲಿ ಮಾರ್ತಾರೆ. ಬಿಸಿನೀರಿನ ಲೋಟದ ಬಾಯಿಗೆ ತುಂಡು ಕಟ್ಟಿ, ಮೇಲೆ ತಣ್ಣನೆ ಗಾಜು ಬೋರಲು ಹಾಕಿ. ಗಾಜು ಮಂಜಾದರೆ ಮಾತ್ರ ಹಾಳೆ ಉಸಿರಾಡುತ್ತೆ.

ಗಾಳಿಬೀಡು_ಬಂಗಲೆ:
ಒಂದು ವಿಷಯ ಬಿಟ್ಟುಹೋಗಿತ್ತು. ಹಾಲಿನ ಮಾಡು ಪಕ್ಕದ ಮಲಗುವ ಕೋಣೆ ಮೇಲೂ 12 ಅಡಿ ಹಾಗೇ ಮುಂದುವರಿಯುತ್ತೆ. ಈಗ ಹಾಲಿನದ್ದು ಮಾತ್ರ ಮಾಡಬೇಕು.

ಪಕ್ಕಾಸು_ರೀಪು:
ಅಯ್ಯೋ, ಅದನ್ನು ಮೊದಲೇ ಹೇಳಬಾರದಿತ್ತಾ ಸರ್! ಉದ್ದ ಪಟ್ಟಿ ಹಾಕಿದರೆ ಹಾಲಿನ ಹೆಂಚು ಒಂದೂವರೆ ಇಂಚು ಮೇಲೇಳುತ್ತೆ. ಪಕ್ಕದ ಕೋಣೆ ಹೆಂಚಿನ ಜೊತೆ ಕೊಂಡಿ ಸೇರಲ್ಲ, ನಡುವೆ ಮೆಟ್ಟಿಲು, ಅಲ್ಲೇ ನೀರು. ಎರಡೇ ದಾರಿ. ಒಂದು, ಕೋಣೆ ಮಾಡಿಗೂ ಪಟ್ಟಿ ಮತ್ತು ಮೆಂಬ್ರೇನ್ ಈಗಲೇ ಹಾಕಿ, ರಾಕ್‌ವೂಲ್ ಮಾತ್ರ ಮುಂದಿನ ವರ್ಷ. ಇನ್ನೊಂದು, ಪಟ್ಟಿ ಇಲ್ಲದೆ ಮೆಂಬ್ರೇನನ್ನು ಪಕ್ಕಾಸಿನಿಂದ ಪಕ್ಕಾಸಿಗೆ ಅರ್ಧ ಇಂಚು ಜೋಲು ಬಿಟ್ಟು ಹಾಸಿ ಮೇಲೆ ರೀಪು ಹೊಡೆಯೋದು. ನೀರು ಜೋಲಿನ ನಡುವೆ ಇಳಿಯುತ್ತೆ. ಆಗ ಕೆಳಗಿಂದ 75 ಮಿ.ಮೀ. ಮಾತ್ರ ಹಾಕಿ. 100 ತುಂಬಿದರೆ ಜೋಲು ಮೇಲಕ್ಕೆ ಉಬ್ಬಿ ರೀಪಿಗೆ ಒತ್ತಿಕೊಳ್ಳುತ್ತೆ, ಅಲ್ಲಿಗೆ ಕತೆ ಮುಗೀತು. ನನ್ನ ಆಯ್ಕೆ ಕೇಳಿದರೆ ಮೊದಲನೆಯದು. ಆಳು, ಏಣಿ, ಟಾರ್ಪಾಲ್ ಎಲ್ಲ ಒಂದೇ ಸಲ ಬರುತ್ತೆ.

ಸೀಲಿಂಗ್_ಹೆಂಚು:
ಇಷ್ಟೆಲ್ಲ ಮೆಂಬ್ರೇನ್ ಯಾಕೆ? ಹಳಬರು ಪಕ್ಕಾಸಿನ ಮೇಲೆ ಚಪ್ಪಟೆ ಸೀಲಿಂಗ್ ಹೆಂಚು ಕೂರಿಸಿ, ಮೇಲೆ ಮಂಗಳೂರು ಹೆಂಚು ಹಾಕ್ತಿದ್ದರು. ನಡುವೆ ಗಾಳಿ. ಸೋರಿದ್ದು ಕೆಳಗಿನ ಹೆಂಚು ಹೀರಿ ಆರಿಸಿಕೊಳ್ಳುತ್ತೆ. ಇಲಿಯೂ ತಿನ್ನಲ್ಲ, ಬೆಂಕಿಯೂ ಹಿಡಿಯಲ್ಲ.

ತೇವಮಾಪಕ:
ಮಾರ್ಚ್ ಕಾವಿಗೆ ಅದು ನಿಜಕ್ಕೂ ಒಳ್ಳೇದು, ಒಪ್ಪಿದೆ. ಬಿಸಿಲಿಗೆ 50 ಡಿಗ್ರಿ ದಾಟೋ ಮೇಲಿನ ಹೆಂಚು ನೇರ ಕೆಳಗೆ ಕಾವು ಸುರಿಯಲ್ಲ. ಜನವರಿ ಚಳಿಗೆ ಪ್ರಯೋಜನ ಕಡಿಮೆ, ಎರಡು ಹೆಂಚು ಸೇರಿದರೂ ಇನ್ಸುಲೇಷನ್ ಅಲ್ಲ. ತೂಕವೂ ನೋಡಿ: ಮಂಗಳೂರು ಹೆಂಚೇ ಚದರ ಮೀಟರಿಗೆ 15, ಒಂದಕ್ಕೆ ಎರಡೂವರೆ ಕಿಲೋ ಮೇಲೆ, ಅಲ್ಲಿಗೇ 40 ಕಿಲೋ, ನೆನೆದಾಗ ಇನ್ನೂ ಹೆಚ್ಚು. ಸೀಲಿಂಗ್ ಹೆಂಚಿಗೆ ಅಂತ ಕಟ್ಟಿದ ಮಾಡಾದರೆ ಸರಿ. 4 × 2 ಪಕ್ಕಾಸು 24 ಇಂಚಿಗೊಂದು ಇರೋ ಮಾಡಿನ ಮೇಲೆ ಹೊಸದಾಗಿ ಹೇರಬೇಡಿ, ಆ ಹೆಂಚು ಕೂರೋಕೆ ನಡುವೆ ಬೇರೆ ರೀಪೂ ಬೇಕು. ಎದುರಿಗೆ ಘನ ಮೀಟರಿಗೆ 48 ಕಿಲೋ ಸಾಂದ್ರತೆಯ 75 ಮಿ.ಮೀ. ರಾಕ್‌ವೂಲ್ ಚದರ ಮೀಟರಿಗೆ 3.6 ಕಿಲೋ ಅಷ್ಟೆ.

ಕಕ್ಕಡ_ಮಳೆ:
ಬೆಳ್ಳಿ ಬಣ್ಣದ ಬಬಲ್ ಶೀಟ್ ಹೇಗೆ? ಅಗ್ಗವಾಗಿ ಸಿಗುತ್ತೆ.

ತೇವಮಾಪಕ:
ಫಾಯಿಲ್ ಕೆಲಸ ಮಾಡೋದು ಎದುರಿಗೆ ಗಾಳಿ ಸಂದು ಇದ್ದಾಗ ಮಾತ್ರ, ಒಂದಿಂಚಾದರೂ. ರೀಪಿಗೋ ಹಲಗೆಗೋ ಅಂಟಿಸಿದರೆ ಅದು ಬರೀ ತೆಳು ಪ್ಲಾಸ್ಟಿಕ್. ಮೇಲ್ಮುಖವಾಗಿಟ್ಟರೆ ಎರಡು ವರ್ಷದಲ್ಲಿ ದೂಳು ಕೂತು ಹೊಳಪು ಹೋಗುತ್ತೆ, ಕೆಳಮುಖ ಇಡಿ. ಆವಿ ಬಿಡಲ್ಲ ಅನ್ನೋದು ನೆನಪಿರಲಿ. ಕಾಫಿ ಗೋಡೌನಿನ ತಗಡಿನ ಶೆಡ್ಡಿಗೆ ಸರಿ. ವಾಸದ ಮನೆಯ ಹೆಂಚಿನಡಿ ನನಗೆ ಇಷ್ಟವಿಲ್ಲ.

ಪಕ್ಕಾಸು_ರೀಪು:
ಕೆಳಗಿಂದಲೇ ಮಾಡೋದು ಹೇಗೆ ಅಂತ ಕೇಳಿದ್ರಿ. ಮುಚ್ಚಿಗೆ ಹಲಗೆ ನಂಬರ್ ಹಾಕಿ ಬಿಚ್ಚಿ. ಪಕ್ಕಾಸಿನ ಎರಡೂ ಬದಿಗೆ, ಹೆಂಚಿನ ರೀಪಿನಿಂದ ಒಂದು ಇಂಚು ಕೆಳಗೆ, ಮುಕ್ಕಾಲಿಂಚು ಪಟ್ಟಿ ಹೊಡೆಯಿರಿ. ಮೆಂಬ್ರೇನನ್ನು 28 ಇಂಚು ಅಗಲಕ್ಕೆ ಕತ್ತರಿಸಿ, ಬದಿಗಳನ್ನು ಪಕ್ಕಾಸಿನ ಮೇಲಕ್ಕೆ ಮಡಚಿ ದೋಣಿಯ ಹಾಗೆ ಸ್ಟೇಪಲ್ ಮಾಡಿ. ಇದರಲ್ಲಿ ಪಕ್ಕಾಸಿನ ನೆತ್ತಿಗೆ ರಕ್ಷಣೆ ಇಲ್ಲ, ಅದೇ ಇದರ ಕೊರತೆ.

ಕಷ್ಟದ ಜಾಗ ಸೂರು. ಹಳೇ ಮನೆಗಳಲ್ಲಿ ಗೋಡೆ ಮೇಲೆ, ಪಕ್ಕಾಸು ಪಕ್ಕಾಸಿನ ನಡುವೆ, ಇಟ್ಟಿಗೆ ಇಟ್ಟು ಗಾರೆ ಮೆತ್ತಿ ಹೆಂಚಿನವರೆಗೆ ಮುಚ್ಚಿರ್ತಾರೆ. ದೋಣಿಯಲ್ಲಿ ಬಂದ ನೀರು ಅಲ್ಲಿ ನಿಂತು ಗೋಡೆಯೊಳಗೆ ಇಳಿಯುತ್ತೆ. ಪ್ರತಿ ಸಂದಿನಲ್ಲೂ ಮೇಲಿನ ಎರಡಿಂಚು ಗಾರೆ ಬಿಡಿಸಿ, ಮೆಂಬ್ರೇನ್ ಗೋಡೆ ದಾಟಿಸಿ ಹೊರಗೆ ತನ್ನಿ. ಬಿಡಿಸಿದ ಬಾಯಿಗೆ ಸ್ಟೇನ್‌ಲೆಸ್ ಜಾಲರಿ, ಕಣ್ಣು 3 ಮಿ.ಮೀ. ದಾಟಬಾರದು, ಇಲ್ಲದಿದ್ದರೆ ಮುಂದಿನ ಬೇಸಿಗೆಗೆ ಕಣಜ ಗೂಡು ಕಟ್ಟಿರುತ್ತೆ. ನೆತ್ತಿ ಹೆಂಚನ್ನು ಸಿಮೆಂಟಿನಲ್ಲಿ ಪೂರ್ತಿ ಮುಚ್ಚಿದ್ದರೆ ಆರಡಿಗೊಂದು ಗಾಳಿ ಹೆಂಚು ಕೂರಿಸಿ, ನೆತ್ತಿಯಿಂದ ಎರಡನೇ ಸಾಲಿನಲ್ಲಿ, ಗಾಳಿಮಳೆ ಹೊಡೆಯೋ ಪಡುವಣ ಮಗ್ಗುಲು ಬಿಟ್ಟು.

ಗಾಳಿಬೀಡು_ಬಂಗಲೆ:
ಹೆಂಚು ಇಳಿಸಿಯೇ ಮಾಡೋಣ ಅಂತ ತೀರ್ಮಾನ. ಹಾಲಿಗೆ ಸಾಮಾನು ಎಷ್ಟು ಬೇಕು?

ಲೆಕ್ಕದ_ಪುಸ್ತಕ:
ಸೂರಿನ ಚಾಚು ಸೇರಿಸದೆ ಹೇಳ್ತೀನಿ, ಅದನ್ನು ಅಳೆದು ಕೂಡಿಸಿಕೊಳ್ಳಿ. ನೆಲ 320 ಚದರಡಿ, 30 ಡಿಗ್ರಿಗೆ 1.155ರಿಂದ ಗುಣಿಸಿದರೆ ಮಾಡು 370 ಚದರಡಿ, ಅಂದರೆ 34.4 ಚದರ ಮೀಟರ್. ಪ್ರತಿ ಮಗ್ಗುಲ ಇಳಿಜಾರಿನ ಉದ್ದ 9 ಅಡಿ 3 ಇಂಚು.

ಪಕ್ಕಾಸು ಮಗ್ಗುಲಿಗೆ 11, ಒಟ್ಟು 22, ಉದ್ದ ಪಟ್ಟಿ 204 ಅಡಿ. ಅಡ್ಡ ರೀಪು ಮಗ್ಗುಲಿಗೆ 10 ಸಾಲು ಹಿಡಿದು 400 ಅಡಿ. ಮೆಂಬ್ರೇನ್ ಮಡಿಕೆ ಸೇರಿ 40 ಚದರ ಮೀಟರ್, ಒಂದೂವರೆ ಮೀಟರ್ ಅಗಲ, 50 ಮೀಟರ್ ಉದ್ದದ ಒಂದು ಸುರುಳಿ ತಂದರೆ ಮಲಗುವ ಕೋಣೆಗೂ ಬಹುಪಾಲು ಆಗುತ್ತೆ. ರಾಕ್‌ವೂಲ್ 1 ಮೀಟರ್ × 600 ಮಿ.ಮೀ. ಹಲಗೆ 57. ಪಕ್ಕಾಸುಗಳ ನಡುವಿನ ಖಾಲಿ 22 ಇಂಚು, 560 ಮಿ.ಮೀ.; ಹಲಗೆಯನ್ನು 570ಕ್ಕೆ ಕೊಯ್ಯಿರಿ, ತನ್ನಷ್ಟಕ್ಕೆ ಬಿಗಿಯಾಗಿ ಕೂರುತ್ತೆ. 560ಕ್ಕೇ ಕೊಯ್ದರೆ ಜಾರುತ್ತೆ. ಎರಡು ಕಡೆ ಸೊಟ್ಟ ಪಕ್ಕಾಸು ಇದ್ದರೆ ಪ್ರತಿ ಸಂದೂ ಮೂರು ಕಡೆ ಅಳೆಯಿರಿ. ಹೆಂಚು ಸುಮಾರು 520 ಇರುತ್ತೆ, ಇಳಿಸುವಾಗ ಒಡೆಯೋದಕ್ಕೆ 40 ಹೆಚ್ಚಿಗೆ ನೋಡಿಟ್ಟುಕೊಳ್ಳಿ. ಅದೇ ಅಚ್ಚಿನದ್ದು, ಬೆನ್ನ ಮೇಲಿನ ಮುದ್ರೆ ನೋಡಿ ತನ್ನಿ. ಬೇರೆ ಅಚ್ಚಿನದ್ದೇ ಸಿಕ್ಕರೆ ಹಾಲಿನ ನಡುವೆ ಬೆರೆಸಬೇಡಿ, ವರಾಂಡದ ಮಾಡಿಗೆ ಒಟ್ಟಿಗೆ ಹಾಕಿ, ಅಲ್ಲಿಂದ ಹಳೇದು ಹಾಲಿಗೆ ತನ್ನಿ.

ಕೆಲಸದವರಿಗೆ ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಬೇಕು. ರಾಕ್‌ವೂಲ್ ಎಳೆ ಮೈಗೆ ತಾಗಿದರೆ ಸಂಜೆವರೆಗೆ ಕೆರೆತ.

ಕಕ್ಕಡ_ಮಳೆ:
ಸಮಯದ ಮಾತು. ಡಿಸೆಂಬರ್‌ನಿಂದ ಒಣಹವೆ, ಆದರೆ ಕಾಫಿ ಕೊಯ್ಲಿಗೆ ಆಳುಗಳೆಲ್ಲ ತೋಟದಲ್ಲಿ. ಮಾರ್ಚ್ ಹೊತ್ತಿಗೆ ಸಿಕ್ಕರೆ ಹೂಮಳೆ ಹೊಂಚುಹಾಕ್ತಿರುತ್ತೆ. ಒಂದು ಮಗ್ಗುಲು ಮುಚ್ಚದೆ ಇನ್ನೊಂದು ಬಿಚ್ಚಬೇಡಿ. ಮೆಂಬ್ರೇನ್ ಹಾಸಿದ್ದೇವಲ್ಲ ಅಂತ ಹೆಂಚು ಹೊರಿಸೋದು ತಡಮಾಡಬೇಡಿ, ಬಿಸಿಲು ಅದನ್ನು ತಿನ್ನುತ್ತೆ.

ನಂದಿಮರ:
ಯಾರೂ ಹೇಳದ ಒಂದೆರಡು. ಮುಚ್ಚಿಗೆ ಹಲಗೆ ವಾಪಸ್ ಹೊಡೆಯೋ ಮುಂಚೆ ಪಕ್ಕಾಸಿನ ತೇವ ಮೀಟರಿನಲ್ಲಿ ನೋಡಿ, ಶೇ. 18 ದಾಟಿದ್ದರೆ ಕಾಯಿರಿ. 20ರ ಮೇಲೆ ಕೊಳೆ ಶುರು. ಹಳೇ ಮನೆಯಲ್ಲಿ ಒಲೆ ಹೊಗೆ ಮಾಡಿಗೆ ಏರಿ ಮರವನ್ನು ಒಣಗಿಸ್ತಿತ್ತು, ಹುಳುವನ್ನೂ ದೂರ ಇಡ್ತಿತ್ತು. ಗ್ಯಾಸ್ ಬಂದ ಮೇಲೆ ಹೊಗೆ ಹೋಯ್ತು, ಹಬೆ ಉಳೀತು. ಅದಕ್ಕೇ ಅಡುಗೆಮನೆ, ಬಚ್ಚಲಿನ ಎಕ್ಸಾಸ್ಟ್ ಪೈಪು ಗೋಡೆ ದಾಟಿ ಬಯಲಿಗೆ ಬಿಡಬೇಕು, ಮಾಡಿನ ಸಂದಿಗೆ ಬಿಡೋದು ತಪ್ಪು. ಮಳೆಗಾಲದಲ್ಲಿ ಹಾಲಿನಲ್ಲಿ ಬಟ್ಟೆ ಒಣಹಾಕಿದರೆ ಒಂದು ಮೆಷಿನ್ ಬಟ್ಟೆಗೆ ಹತ್ತಿರ ಹತ್ತಿರ ಎರಡು ಲೀಟರ್ ನೀರು ಗಾಳಿಗೆ.

ಮುಚ್ಚಿಗೆಗೆ ತೂತು ಕೊರೆದು ಡೌನ್‌ಲೈಟ್ ಕೂರಿಸಬೇಡಿ. ಒಂದೊಂದು ತೂತೂ ಒಂದು ಚಿಮಣಿ, ಹಲಗೆ ಮೂಲಕ ನುಸುಳೋ ಆವಿಗಿಂತ ಎಷ್ಟೋ ಪಟ್ಟು ಹೆಚ್ಚು ತೇವ ಅಲ್ಲಿಂದ ಏರುತ್ತೆ. ಮೇಲ್ಮೈಗೆ ಕೂರೋ ದೀಪ, ವೈರು ಪೈಪಿನಲ್ಲಿ. ಹಲಗೆ ನಾಲಿಗೆ-ಗಾಡಿ (ಒಂದರ ನಾಲಿಗೆ ಇನ್ನೊಂದರ ಸಂದಿಗೆ ಕೂರೋ) ಕೂಡಿಕೆಯದ್ದಾಗಿರಲಿ, ಗೋಡೆ ಸೇರೋ ಅಂಚಿನ ಬಿರುಕು ಮುಚ್ಚಿ. ಬಣ್ಣ ಎಣ್ಣೆಯದ್ದು ದಪ್ಪ ಬಳಿಯಬೇಡಿ.

ಪುನುಗು ಬೆಕ್ಕು ಸೂರಿನ ಹೆಂಚು ಎತ್ತಿ ಒಳನುಗ್ಗುತ್ತೆ, ರಾಕ್‌ವೂಲ್ ಕಿತ್ತು ಹಾಸಿಗೆ ಮಾಡಿಕೊಳ್ಳುತ್ತೆ. ಕೆಳಗಿನ ಎರಡು ಸಾಲು ಮತ್ತು ಅಂಚಿನ ಹೆಂಚುಗಳನ್ನು ಕೊಂಡಿಯ ತೂತಿನಲ್ಲಿ ತಾಮ್ರದ ತಂತಿ ಹಾಕಿ ರೀಪಿಗೆ ಬಿಗಿಯಿರಿ. ಗಾಳಿಗೂ ಅದೇ ಮದ್ದು.

ಗಾಳಿಬೀಡು_ಬಂಗಲೆ:
ಹಾಲಿನಲ್ಲಿ ಬೆಂಕಿಗೂಡು ಇದೆ, ಇಟ್ಟಿಗೆ ಚಿಮಣಿ ಮಾಡು ದಾಟಿ ಹೋಗುತ್ತೆ. ಅದರ ಸುತ್ತ ಏನು ಮಾಡಬೇಕು?

ಪಕ್ಕಾಸು_ರೀಪು:
ಚಿಮಣಿಗೂ ಯಾವುದೇ ಮರಕ್ಕೂ ನಡುವೆ ಎರಡಿಂಚು ಅಂತರ ಇರಲಿ. ಪಕ್ಕಾಸು ತಾಗಿಕೊಂಡಿದ್ದರೆ ಅದನ್ನು ಕೊಯ್ದು ಅಡ್ಡ ಮರಕ್ಕೆ ಸೇರಿಸಿ. ಮೆಂಬ್ರೇನ್ ಪ್ಲಾಸ್ಟಿಕ್, ಚಿಮಣಿಗೆ ಅಂಟಿಸಬೇಡಿ, ಆ ಎರಡಿಂಚಿನ ಅಂಚಿಗೇ ನಿಲ್ಲಿಸಿ. ಚಿಮಣಿಯ ಮೇಲ್ಮಗ್ಗುಲಲ್ಲಿ ಮೆಂಬ್ರೇನ್ ಮೇಲೆ ತಗಡಿನದೊಂದು ಓರೆ ದೋಣಿ ಹಾಕಿ, ಬಂದ ನೀರು ಪಕ್ಕದ ಸಂದಿಗೆ ತಿರುಗಲಿ. ಹೆಂಚಿನ ಮಟ್ಟದಲ್ಲಿ ಸೀಸದ್ದೋ ಅಲ್ಯೂಮಿನಿಯಂ ತಗಡೋ, ಒಂದು ಅಂಚು ಇಟ್ಟಿಗೆಯ ಗಾರೆ ಸಂದಿನೊಳಗೆ ಒಂದಿಂಚು ತೂರಿಸಿ. ಬರೀ ಸಿಮೆಂಟ್ ಮೆತ್ತಿದರೆ ಒಂದೇ ಮಳೆಗಾಲಕ್ಕೆ ಬಿರಿಯುತ್ತೆ. ಮುಚ್ಚಿಗೆ ಮಟ್ಟದಲ್ಲಿ ಆ ಎರಡಿಂಚು ಸಂದಿಗೆ ತಗಡಿನ ಚೌಕಟ್ಟು, ಹಲಗೆ ಅಂಚು ಅದಕ್ಕೆ ನಿಲ್ಲಲಿ. ಚೌಕಟ್ಟಿನ ಮೇಲೆ ಬರೀ ರಾಕ್‌ವೂಲ್, ಅದು ಉರಿಯಲ್ಲ. ಫಾಯಿಲ್ ಅಂಟಿಸಿದ್ದು ತರಬೇಡಿ.